ಸಂಜೆಯ ಕರೆಂಟು

ನಮ್ಮ ಸೊಸೈಟಿಯ ಸೆಕ್ರೆಟರಿ ಪ್ರಶಾಂತನಿಗೆ ನನ್ನ ಮೇಲೆ ದ್ವೇಷವೇನಿಲ್ಲ. ಅವನಿಗೆ ಇರುವುದು ಉತ್ಸಾಹ. ದ್ವೇಷವಾಗಿದ್ದರೆ ಒಂದು ಜಗಳ ಆಡಿ ಮುಗಿಸಬಹುದಿತ್ತು. ಉತ್ಸಾಹಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಸೊಸೈಟಿ ಅಂದರೆ ಮನೆಗಳದ್ದಲ್ಲ. ಮುಂಬೈಯ ಜೋಗೇಶ್ವರಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಶಟರು ಎತ್ತಿ ಕೆಲಸ ಮಾಡುವ ನಮ್ಮಂಥವರ ಸಹಕಾರಿ ಸಂಘ. ಎದುರುಬದುರು ಶಟರುಗಳು, ಮೇಲೆ ಸಿಮೆಂಟ್ ಶೀಟು, ನಡುವೆ ಟೆಂಪೊ ಒದ್ದಾಡಿ ತಿರುಗುವಷ್ಟು ದಾರಿ. ಒಂದು ಶಟರಿನ ಒಳಗಿನ ಜಾಗಕ್ಕೆ ಇಲ್ಲಿ ಗಾಳಾ ಅನ್ನುತ್ತಾರೆ. ನನ್ನ ಗಾಳಾದಲ್ಲಿ ನಾನು ಇಡ್ಲಿ ಹಿಟ್ಟು ರುಬ್ಬುತ್ತೇನೆ. ನನ್ನ ಗಂಡ ರಮಾನಾಥರು ಅದನ್ನು ಟೆಂಪೊದಲ್ಲಿ ಹೋಟೆಲಿಗೆ ಮುಟ್ಟಿಸುತ್ತಾರೆ. ಪಕ್ಕದ ಗಾಳಾ ಅಲ್ಲಾವುದ್ದೀನ ಭಾಯಿಯದು. ಬಿಜಾಪುರದ ಕಡೆಯವರು. ಕಿಟಕಿಯ ಗ್ರಿಲ್ಲು, ಶೂಟಿಂಗಿನವರ ಲೈಟ್ ಸ್ಟ್ಯಾಂಡು, ಇಂಥ ಕಬ್ಬಿಣದ ಸಾಮಾನಿಗೆ ಪುಡಿ ಬಣ್ಣ ಊದಿ ಕರೆಂಟಿನ ಭಟ್ಟಿಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಆ ಬಣ್ಣವನ್ನು ಉಗುರಿನಿಂದ ಕೆರೆದರೂ ಬರುವುದಿಲ್ಲ.

ಕರೆಂಟು ಇಡೀ ಎಸ್ಟೇಟಿಗೆ ಒಂದೇ ಕನೆಕ್ಷನ್. ಸೊಸೈಟಿ ಅದನ್ನು ಪಡೆದು, ಗಾಳಾಕ್ಕೊಂದು ಮೀಟರು ಹಾಕಿ ಸದಸ್ಯರಿಗೆ ಹಂಚುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಮಶೀನು ಹಾಕಿದರೆ ಒಪ್ಪಂದದ ಮಿತಿ ದಾಟಿ ಎಲ್ಲರ ಮೇಲೂ ದಂಡ ಬೀಳುತ್ತಿತ್ತು. ಪ್ರಶಾಂತ ಸೆಕ್ರೆಟರಿಯಾದ ಮೇಲೆ ಇದಕ್ಕೊಂದು ಯೋಜನೆ ಮಾಡಿದ. ಹಳೆಯ ಫ್ಯಾನು ಕೊಟ್ಟರೆ ಕಡಿಮೆ ಕರೆಂಟಿನ ಹೊಸ ಫ್ಯಾನು, ಟ್ಯೂಬ್‌ಲೈಟು ಕೊಟ್ಟರೆ ಎಲ್‌ಇಡಿ. ಅಲ್ಲಿಯವರೆಗೆ ಸರಿಯೇ, ನನ್ನ ಗಾಳಾದ ಫ್ಯಾನು ಹೇಗೂ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಆಮೇಲೆ ಬಂತು ದರದ ಮಾತು.

ನವರಾತ್ರಿ ಮುಗಿದ ಮೇಲಿನ ಭಾನುವಾರ ಮೀಟಿಂಗು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಗೋಡೆಗೆ ಚಾರ್ಟು ಅಂಟಿಸಿ, ಪ್ರಶಾಂತ ಎದ್ದು ನಿಂತ.

"ಸಿಂಪಲ್ ಇದೆ ಆಂಟಿ," ಅಂದ. ಮೀಟಿಂಗಿನಲ್ಲಿ ಅಷ್ಟು ಜನ ಇದ್ದರೂ ಅವನು ನನ್ನನ್ನೇ ನೋಡಿ ಹೇಳುತ್ತಾನೆ, ಯಾಕೆಂದರೆ ತಕರಾರು ಎಲ್ಲಿಂದ ಬರುತ್ತದೆ ಅಂತ ಅವನಿಗೆ ಗೊತ್ತು. "ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು, ಕರೆಂಟ್ ಸಸ್ತಾ. ಐದರಿಂದ ಹತ್ತು, ಮೆಹಂಗಾ. ಹೆವಿ ಮಶೀನ್ ಎಲ್ಲ ದಿನ್ ಮೇ ಚಲಾಯಿಸಿ, ಬಸ್. ಸಂಜೆ ಒಂದೊಂದು ಲೈನಿಗೆ ಒಂದೇ ದೊಡ್ಡ ಮಶೀನಿಗೆ ಹಳೇ ರೇಟ್. ಅದೇ ಸಂಜೆ ಎರಡನೇದು ಹಾಕಿದರೆ, ಸರದಿ ಮೇಲಾದರೂ, ಡಬಲ್."

"ಆ ಒಂದು ಯಾರದ್ದು?"

"ಅದು ನೀವು ನೀವೇ ಮಾತಾಡಿಕೊಳ್ಳಿ ಆಂಟಿ."

ನಮ್ಮ ಲೈನಿನಲ್ಲಿ, ಅಂದರೆ ನಮ್ಮ ಸಾಲಿನ ಶಟರುಗಳಲ್ಲಿ, ದೊಡ್ಡವು ಎರಡೇ. ನನ್ನ ಗ್ರೈಂಡರು, ಅಲ್ಲಾವುದ್ದೀನ ಭಾಯಿಯ ಭಟ್ಟಿ. ಎರಡೂ ನಡೆಯುತ್ತಿದ್ದದ್ದು ಸಂಜೆಯೇ. ಹಗಲು ಅವರು ಸಾಮಾನು ತರುವುದು, ತುಕ್ಕು ಉಜ್ಜುವುದು. ಹಗಲು ನಾನು ಅಕ್ಕಿ ಉದ್ದು ತೊಳೆಯುವುದು, ನೆನೆಹಾಕುವುದು. ಅವರು ಕುರ್ಚಿಯಲ್ಲಿ ತಿರುಗಿ ನನ್ನ ಕಡೆ ನೋಡಿದರು. ಏನೋ ಹೇಳುವವರಿದ್ದರು. ನಾನು ಅವಕಾಶ ಕೊಡಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ.

"ನನಗೆ ಯಾರ ಉಪಕಾರವೂ ಬೇಡ. ನಾನು ಮಧ್ಯಾಹ್ನವೇ ರುಬ್ಬುತ್ತೇನೆ," ಅಂದೆ. ಪ್ರಶಾಂತ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ನನ್ನ ಗಂಡ ಮಾತ್ರ ಕೈ ಕಟ್ಟಿ ಕೂತಿದ್ದರು.

ಮನೆಗೆ ಬರುವಾಗ ಅವರು ಒಂದೇ ಮಾತು ಕೇಳಿದರು. "ಹಿಟ್ಟಿಗೆ ಹೇಳಿದ್ದೀಯಾ?"

ಹಿಟ್ಟಿನ ಕೆಲಸ ಇಷ್ಟೇ. ಸಂಜೆ ರುಬ್ಬಿ, ಉಪ್ಪು ಹಾಕಿ, ಮೊಣಕೈವರೆಗೆ ಕೈ ಇಳಿಸಿ ಕಲಸಿ, ಡ್ರಮ್ಮಿಗೆ ತುಂಬಿಸುವುದು. ಎಸ್ಟೇಟಿನ ಗೇಟು ಹತ್ತಕ್ಕೆ ಮುಚ್ಚುವ ಮೊದಲು ಅದು ಟೆಂಪೊ ಹತ್ತಿ ಅಂಧೇರಿಗೆ ಹೋಗುತ್ತದೆ. ಅಲ್ಲಿ ಮೋನಪ್ಪಣ್ಣನ ಹೋಟೆಲಿನ ಅಡುಗೆಮನೆಯಲ್ಲಿ ಕೂತು ಬೆಳಗಿನೊಳಗೆ ಉಬ್ಬುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ಡ್ರಮ್ಮಿನ ಕಂಠದ ಹತ್ತಿರ ಬಂದಿರಬೇಕು. ಆ ಹೋಟೆಲಿನಲ್ಲಿ ದೋಸೆಯದ್ದನ್ನು ಅಲ್ಲೇ ರುಬ್ಬುತ್ತಾರೆ, ಇಡ್ಲಿಯದು ಮಾತ್ರ ನನ್ನದು. ಇದು ಇಪ್ಪತ್ತು ವರ್ಷಕ್ಕೂ ಮೇಲಿನ ಒಪ್ಪಂದ. ನನ್ನ ಗಾಳಾದ ಬದುಕು ಅಂದರೆ ಮೋನಪ್ಪಣ್ಣನ ಹೋಟೆಲು. ಉಳಿದ ಎರಡು ಮೂರು ಗಿರಾಕಿಗಳು ಉಪ್ಪಿನಕಾಯಿಯ ಲೆಕ್ಕ.

ಮಧ್ಯಾಹ್ನ ರುಬ್ಬಿದೆ. ಅಕ್ಟೋಬರಿನ ಬಿಸಿಲು, ತಲೆಯ ಮೇಲೆ ಸಿಮೆಂಟ್ ಶೀಟು. ಮೊದಲ ದಿನ ಕತ್ತಲಾಗುವುದರೊಳಗೇ ಹಿಟ್ಟು ಡ್ರಮ್ಮಿನಿಂದ ಹೊರಗೆ ಬಂದು ನೆಲ ನೋಡಿತು. ಟೆಂಪೊದಲ್ಲಿ ಕುಲುಕಿದ್ದೇ ಇಳಿದು ಹೋಯಿತು. ಬೆಳಿಗ್ಗೆ ಇಡ್ಲಿ ಚಪ್ಪಟೆ, ಹುಳಿ. ಮೋನಪ್ಪಣ್ಣ ಫೋನು ಮಾಡಿ "ಎಂತಾಯ್ತು ಅಕ್ಕು?" ಅಂತ ಕೇಳಿದರು. ಹವೆ ಅಂದೆ. ಮಾರನೆಯ ದಿನ ತಣ್ಣೀರು ಹಾಕಿ ರುಬ್ಬಿದೆ, ಡ್ರಮ್ಮಿಗೆ ಒದ್ದೆ ಗೋಣಿ ಸುತ್ತಿದೆ, ಹೊಸ ಫ್ಯಾನಿನ ಕೆಳಗೆ ಸಾಲಾಗಿ ಇಟ್ಟೆ. ಹುಳಿ ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಪ್ರಶಾಂತ ಬಂದು ನೋಡಿ, "ದೊಡ್ಡ ಫ್ರಿಜ್ ಹಾಕಿ ಆಂಟಿ," ಅಂದ. ಕರೆಂಟು ಉಳಿಸಲು ಹಗಲೂ ರಾತ್ರಿ ಫ್ರಿಜ್ಜು ಓಡಿಸುವುದು. ಆ ಬುದ್ಧಿಗೆ ಚಪ್ಪಾಳೆ ತಟ್ಟಲು ಆಗ ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಆ ವಾರ ಮೋನಪ್ಪಣ್ಣ ಮತ್ತೆ ಫೋನು ಮಾಡಲಿಲ್ಲ. ಟೆಂಪೊ ಇಳಿಸಲು ಹೋದ ನನ್ನ ಗಂಡನ ಹತ್ತಿರ ಹೇಳಿ ಕಳಿಸಿದರು. ಪ್ಯಾಕೆಟ್ ಹಿಟ್ಟಿನ ಕಂಪನಿಯವನು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಇನ್ನೊಂದು ಸಲ ಹುಳಿಯಾದರೆ ಅವನನ್ನು ಒಳಗೆ ಕರೆಯುತ್ತೇನೆ, ಅಂತ. ನನಗೆ ಹೇಳದೆ ಗಂಡನ ಹತ್ತಿರ ಹೇಳಿದ್ದೇ ನನ್ನನ್ನು ಹೆಚ್ಚು ಹೆದರಿಸಿತು. ನನ್ನ ಮೇಲೆ ಅವರು ಯಾವತ್ತೂ ನೇರವಾಗಿಯೇ ರೇಗುತ್ತಿದ್ದರು. ಡಬಲ್ ದರ ಕೊಟ್ಟು ಸಂಜೆ ರುಬ್ಬೋಣವೆಂದರೆ ಹಿಟ್ಟಿನ ಬೆಲೆ ಏರಿಸಬೇಕು. ಏರಿಸಿದರೂ ಪ್ಯಾಕೆಟಿನವನೇ ಒಳಗೆ ಬರುತ್ತಾನೆ.

ಮರುದಿನ ಮಧ್ಯಾಹ್ನ ಗ್ರೈಂಡರು ಹಾಕದೆ ಸ್ಟೂಲಿನ ಮೇಲೆ ಕೂತಿದ್ದೆ. ಅಲ್ಲಾವುದ್ದೀನ ಭಾಯಿ ಶಟರಿನ ಹೊರಗೆ ಬಂದು ನಿಂತರು. ಚಪ್ಪಲಿ ಹಾಕಿಕೊಂಡು ಅವರು ನನ್ನ ಗಾಳಾದ ಒಳಗೆ ಬರುವುದಿಲ್ಲ, ತಿನ್ನುವ ಸಾಮಾನು ಇರುವ ಜಾಗ ಅಂತ.

"ಅಕ್ಕಾರ, ಒಂದ್ ಮಾತ ಹೇಳ್ಲೇನ್ರಿ?"

"ಹೇಳಿ."

"ನಾಳಿಂದ ನನ್ನ ಭಟ್ಟಿ ಹಗಲ ಹಚ್ತೀನ್ರಿ. ಸಂಜೀ ಕರೆಂಟ್ ನೀವ ತಗೋರಿ."

"ನಿಮಗೆ ಕಷ್ಟ ಅಲ್ವಾ?"

"ಬಣ್ಣ ಕಾಯ್ತೈತ್ರಿ. ಹಿಟ್ಟ ಕಾಯೂದಿಲ್ಲ," ಅಂದರು. ಅಷ್ಟು ಹೇಳಿ ಹೋದರು. ಉಪಕಾರ ಬೇಡ ಅಂದವಳು ಮರುಮಾತಿಲ್ಲದೆ ತೆಗೆದುಕೊಂಡೆ. ಹಿಟ್ಟು ಸರಿಯಾಯಿತು, ಮೋನಪ್ಪಣ್ಣ ಮತ್ತೆ ನನಗೇ ಫೋನು ಮಾಡಿ ರೇಗತೊಡಗಿದರು, ನನಗೆ ಸಮಾಧಾನವಾಯಿತು. ಶುಕ್ರವಾರ ಶುಕ್ರವಾರ ಒಂದು ಡಬ್ಬಿ ಇಡ್ಲಿ ಪಕ್ಕದ ಗಾಳಾಕ್ಕೆ ಕೊಡುವುದು ರೂಢಿಯಾಯಿತು. ಅದರಿಂದ ಸಾಲ ಸಂದಾಯವಾಗುತ್ತಿದೆ ಅಂತಲೇ ನಾನು ತಿಳಿದಿದ್ದೆ.

ಚಳಿಗಾಲ ಹೀಗೇ ಕಳೆಯಿತು. ಮುಂಬೈಯ ಚಳಿ ಎಷ್ಟು ಅಂತ ನಿಮಗೂ ಗೊತ್ತು, ಫೆಬ್ರವರಿ ಮುಗಿಯುವ ಮೊದಲೇ ಶೀಟಿನ ಕೆಳಗೆ ಮತ್ತೆ ಬೇಯತೊಡಗಿದೆವು. ಒಂದು ಶುಕ್ರವಾರ ಮಧ್ಯಾಹ್ನ ಡಬ್ಬಿ ಹಿಡಿದು ಪಕ್ಕಕ್ಕೆ ಹೋದೆ. ಭಟ್ಟಿಯ ಬಾಗಿಲು ತೆರೆದಿತ್ತು. ಅಲ್ಲಾವುದ್ದೀನ ಭಾಯಿ ತಲೆಗೆ ಟವೆಲು ಸುತ್ತಿಕೊಂಡು ಉದ್ದ ಕೊಕ್ಕೆಯಿಂದ ಬೆಂದ ಗ್ರಿಲ್ಲುಗಳನ್ನು ಎಳೆಯುತ್ತಿದ್ದರು. ಬಾಗಿಲ ಹತ್ತಿರ ನಿಂತ ನನಗೇ ಮುಖ ಸುಟ್ಟಂತಾಯಿತು. ಅವರ ತುಟಿ ಒಣಗಿ ಬಿಳಿಚಿತ್ತು.

"ಬಿಸಿ ಇರುವಾಗಲೇ ತಿನ್ನಿ," ಅಂದೆ.

"ಅಲ್ಲೇ ಇಟ್ಟ್ ಹೋಗ್ರಿ ಅಕ್ಕಾರ. ಸಂಜೀಕ ತಿಂತೀನಿ."

ಆಗ ನನಗೆ ನೆನಪಾಯಿತು. ಆ ವಾರವೇ ರಂಜಾನು ಶುರುವಾಗಿತ್ತು. ಸ್ಟೇಷನ್ನಿನ ದಾರಿಯಲ್ಲಿ ಖರ್ಜೂರದ ಗಾಡಿಗಳನ್ನು ದಿನಾ ನೋಡುತ್ತಿದ್ದೆ. ಆ ಗಾಡಿಗೂ ಈ ಭಟ್ಟಿಗೂ ನನ್ನ ತಲೆಯಲ್ಲಿ ಸಂಬಂಧವೇ ಹುಟ್ಟಿರಲಿಲ್ಲ.

ಅವರು ಸಾಮಾನು ಒಯ್ಯಲು ಹಿಂದಕ್ಕೆ ಹೋದಾಗ ಅವರ ಹೆಂಡತಿ ಚಾಂದಬಿ ಭಟ್ಟಿಯಲ್ಲಿ ತೂಗುಹಾಕಲು ಗ್ರಿಲ್ಲಿಗೆ ತಂತಿ ಕಟ್ಟುತ್ತಾ ಕೂತಿದ್ದಳು. ಅವಳೂ ಉಪವಾಸವೇ. "ಪ್ರತಿವರ್ಷ ಹೀಗೇ ಮಾಡ್ತೀರಾ, ಈ ಬಿಸಿಯಲ್ಲಿ?" ಅಂತ ಕೇಳಿದೆ.

"ಇಲ್ರಿ ಅಕ್ಕಾರ. ಮೊದ್ಲ ರಂಜಾನದಾಗ ಹಗಲ ಭಟ್ಟಿ ಹಚ್ತಿದ್ದಿಲ್ರಿ. ಇಫ್ತಾರ್ ಆದ್ಮ್ಯಾಗ ಹಚ್ಚಿ, ಗೇಟ್ ಹಾಕೂತನಾ ಮಾಡ್ತಿದ್ವಿ." ತಂತಿಯ ತುದಿ ತಿರುಚಿ ಇನ್ನೊಂದು ತೆಗೆದುಕೊಂಡಳು. "ಈ ಸಲ ಸಂಜೀ ನಿಮಗ ಕೊಟ್ಟೈತಲ್ರಿ."

"ಒಂದು ಮಾತು ನನಗೆ ಹೇಳಬಾರದಿತ್ತಾ?"

"ನಾ ಹೇಳ್ರಿ ಅಂತ ಅವರಿಗೆ ಅಂದೆ. ಕೊಟ್ಟದ್ದ ತಿರುಗಿ ಹೆಂಗ ಕೇಳೂದು ಅಂತಾರ್ರಿ ಅವರು."

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಸಿಟ್ಟೇ ಬರುವುದು. ಹೇಳದೇ ಇದ್ದ ಅವರ ಮೇಲೆ ಬಂತು, ಚಾರ್ಟು ಅಂಟಿಸಿದ ಪ್ರಶಾಂತನ ಮೇಲೆ ಬಂತು. ಅವನ ಚಾರ್ಟಿನಲ್ಲಿ ಗಂಟೆಗಳಿದ್ದವು, ಬಣ್ಣ ಬಣ್ಣದ ಕಂಬಗಳಿದ್ದವು, ರಂಜಾನು ಇರಲಿಲ್ಲ, ಹಿಟ್ಟೂ ಇರಲಿಲ್ಲ. ಗಾಳಾಕ್ಕೆ ವಾಪಸ್ ಬಂದು ನೀರು ಕುಡಿಯಲು ಲೋಟ ಎತ್ತಿದೆ. ಗೋಡೆಯ ಆಚೆಯಿಂದ ಭಟ್ಟಿಯ ಬಾಗಿಲು ಮುಚ್ಚಿದ ಸದ್ದು ಬಂತು. ಕುಡಿಯಲಾಗಲಿಲ್ಲ, ಲೋಟ ಕೆಳಗಿಟ್ಟೆ.

ಸಂಜೆಯನ್ನು ಅವರಿಗೆ ಬಿಟ್ಟುಕೊಡಬೇಕು, ಅದು ಖಚಿತ. ಬಿಟ್ಟರೆ ನನ್ನ ಹಿಟ್ಟು ಯಾವಾಗ? ಮಧ್ಯಾಹ್ನದ ಹುಳಿ ಒಮ್ಮೆ ಉಂಡಾಗಿದೆ.

ದಾರಿ ಒಂದಿತ್ತು. ಗೊತ್ತಿಲ್ಲದ ದಾರಿಯೇನಲ್ಲ, ಊರಿನಲ್ಲಿ ನನ್ನ ಅತ್ತೆ ಮಾಡುತ್ತಿದ್ದದ್ದೇ. ಅಕ್ಕಿಯನ್ನು ನೆನೆಸಿ ರುಬ್ಬುವುದಲ್ಲ, ತೊಳೆದು ಒಣಗಿಸಿ ತರಿ ಮಾಡಿಟ್ಟುಕೊಳ್ಳುವುದು. ಒಣ ತರಿ ಹುಳಿಯುವುದಿಲ್ಲ, ಹಗಲು ಯಾವಾಗ ಬೇಕಾದರೂ ಗಿರಣಿಗೆ ಹಾಕಿ ಒಡೆಯಬಹುದು. ಸಂಜೆ ಉದ್ದು ಮಾತ್ರ ರುಬ್ಬಿ ಅದಕ್ಕೆ ಕಲಸಿದರಾಯಿತು. ಉದ್ದಿಗೆ ನನ್ನ ಹಳೆಯ ಸಣ್ಣ ಗ್ರೈಂಡರು ಸಾಕು, ಅದು ಸೊಸೈಟಿಯ ಲೆಕ್ಕದಲ್ಲಿ ದೊಡ್ಡ ಮಶೀನೇ ಅಲ್ಲ. ಇಷ್ಟು ದಿನ ಯಾಕೆ ಮಾಡಲಿಲ್ಲ ಅಂದರೆ, ಮೊದಲ ದಿನವೇ ಮೋನಪ್ಪಣ್ಣ ಹೇಳಿದ್ದರು. ತರಿ ಇಡ್ಲಿ ಮನೆಯಲ್ಲಿ ತಿನ್ನೋದು, ನನ್ನ ಹೋಟೆಲಿನಲ್ಲಿ ಬಾಯಿಗಿಟ್ಟರೆ ಬೆಣ್ಣೆಯ ಹಾಗೆ ಹೋಗಬೇಕು, ತರಿ ಕಂಡ ದಿನ ನಿನ್ನ ಡ್ರಮ್ಮು ವಾಪಸ್, ಅಂತ.

ಮರುದಿನ ಮಧ್ಯಾಹ್ನ ಅಂಧೇರಿಗೆ ಹೋದೆ. ಊಟದ ಗದ್ದಲ ಇಳಿದಿತ್ತು. ಮೋನಪ್ಪಣ್ಣ ಗಲ್ಲಾದಲ್ಲಿ ಕೂತು ಸೋಂಪು ಜಗಿಯುತ್ತಿದ್ದರು.

"ಎಂತ ಅಕ್ಕು, ಈ ಹೊತ್ತಲ್ಲಿ? ಹಿಟ್ಟು ಚೆಲ್ಲಿತಾ?"

"ಇಲ್ಲ. ಸೋಮವಾರದಿಂದ ಒಂದು ತಿಂಗಳು ತರಿ ಇಡ್ಲಿಯ ಹಿಟ್ಟು ಕಳಿಸ್ತೇನೆ."

ಅವರು ಜಗಿಯುವುದನ್ನು ನಿಲ್ಲಿಸಿದರು. "ಕೇಳಲಿಕ್ಕೆ ಬಂದದ್ದಾ, ಹೇಳಲಿಕ್ಕೆ ಬಂದದ್ದಾ?"

"ಹೇಳದೆ ಕಳಿಸಿದರೆ ಮೋಸ ಆಗ್ತದೆ. ಅದಕ್ಕೆ ಹೇಳಲಿಕ್ಕೆ ಬಂದೆ."

"ಯಾಕೆ?"

ಹೇಳಿದೆ. ಸಂಜೆಯ ಕರೆಂಟು, ಭಟ್ಟಿ, ಉಪವಾಸ, ಎಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ, "ಪಾಪ, ಸರಿ. ಅದಕ್ಕೂ ನನ್ನ ಇಡ್ಲಿಗೂ ಎಂತ ಸಂಬಂಧ ಮಾರಾಯ್ತಿ?" ಅಂದರು.

"ಅವರು ಹಗಲು ಬೆಂದದ್ದರಿಂದ ನಿಮ್ಮ ಗಿರಾಕಿಗಳಿಗೆ ಇಡೀ ಚಳಿಗಾಲ ಬೆಣ್ಣೆಯಂಥ ಇಡ್ಲಿ ಸಿಕ್ಕಿತು. ಅದೇ ಸಂಬಂಧ."

ಮೋನಪ್ಪಣ್ಣನಿಗೆ ಎದುರು ಮಾತು ಹಿಡಿಸುವುದಿಲ್ಲ. ಮುಖ ಗಂಟಿಕ್ಕಿತು. "ನೋಡು, ನನ್ನದು ಹೋಟೆಲು, ಧರ್ಮಛತ್ರ ಅಲ್ಲ. ಒಂದು ದಿನ ನೋಡ್ತೇನೆ. ತಟ್ಟೆ ವಾಪಸ್ ಬಂದ್ರೆ ಮುಗೀತು. ಆಮೇಲೆ ಈದ್ ಆದ ಮೇಲೆ ಬೆಣ್ಣೆ ಕಳಿಸ್ತೇನೆ ಅಂತ ಬರಬೇಡ. ಪ್ಯಾಕೆಟಿನವ ಒಳಗೆ ಬಂದ ಮೇಲೆ ಹೊರಗೆ ಹೋಗುದಿಲ್ಲ."

"ಆಯ್ತು," ಅಂದೆ. ಕಾಫಿ ಕುಡಿದು ಹೋಗು ಅಂದರು. ಕುಡಿಯದೆ ಬಂದೆ. ಆಟೊದಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ಗಂಡನ ಟೆಂಪೊ, ಗಾಳಾದ ಖರ್ಚು, ನಮ್ಮಿಬ್ಬರ ಅನ್ನ, ಎಲ್ಲವನ್ನೂ ಒಂದು ಬೆಳಗಿನ ತಟ್ಟೆಗಳ ಮೇಲೆ ಇಟ್ಟು ಬಂದಿದ್ದೆ.

ಅಲ್ಲಾವುದ್ದೀನ ಭಾಯಿ ಸುಲಭಕ್ಕೆ ಒಪ್ಪಲಿಲ್ಲ. ಮಾತು ಕೊಟ್ಟಾಗೇತಿ, ಅಂದರು. ಅವರನ್ನು ನನ್ನ ಶಟರಿನವರೆಗೆ ಕರೆದು ತಂದು ಒಳಗೆ ತೋರಿಸಿದೆ. ದೊಡ್ಡ ಗ್ರೈಂಡರಿಗೆ ಗೋಣಿ ಹೊದಿಸಿತ್ತು, ಅದರ ಪಕ್ಕ ತರಿ ತುಂಬಿದ ಚೀಲಗಳು ನಿಂತಿದ್ದವು.

"ಇದು ಇನ್ನು ಈದ್ ತನಕ ತಿರುಗುದಿಲ್ಲ. ಸಂಜೆಯ ಕರೆಂಟು ನೀವು ತಗೊಂಡರೆ ತಗೊಳ್ಳಿ, ಇಲ್ಲದಿದ್ದರೆ ಯಾರಿಗೂ ಇಲ್ಲದೆ ಬಿದ್ದಿರ್ತದೆ."

ಅವರು ಚೀಲಗಳನ್ನು ನೋಡಿದರು. "ಹೋಟೆಲಿನವರು ಒಪ್ಯಾರೇನ್ರಿ?"

"ಒಪ್ಪಿದ್ದಾರೆ," ಅಂದೆ. ಅದು ಅರ್ಧ ಸುಳ್ಳು, ಅವರ ಮುಂದೆ ಉಳಿದರ್ಧ ಬಾಯಿಗೆ ಬರಲಿಲ್ಲ.

ಭಾನುವಾರ ಸಂಜೆ ಸಣ್ಣ ಗ್ರೈಂಡರಿನಲ್ಲಿ ಉದ್ದು ನೊರೆಯೇಳುವಂತೆ ರುಬ್ಬಿದೆ. ತರಿಯನ್ನು ತೊಳೆದು ಹಿಂಡಿ ಕಲಸಿದೆ. ಇಷ್ಟು ವರ್ಷಗಳ ನಂತರ ಕೈಗೆ ತರಿ ತಾಗಿದಾಗ ಅತ್ತೆಯ ನೆನಪಾಯಿತು, ಆದರೆ ಧೈರ್ಯವೇನೂ ಬರಲಿಲ್ಲ. ಅತ್ತೆಯ ಇಡ್ಲಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಮಸೀದಿಯಿಂದ ಅಜಾನು ಕೇಳಿತು. ಗೋಡೆಯ ಆಚೆ ಪ್ಲೇಟುಗಳ ಸದ್ದು, ಸ್ವಲ್ಪ ಹೊತ್ತು ಮಾತು. ಆಮೇಲೆ ಭಟ್ಟಿ ಹಾಕಿದರು. ನನ್ನ ಗಾಳಾದ ಲೈಟು ಒಮ್ಮೆ ಮಂಕಾಗಿ ಮತ್ತೆ ಬೆಳಗಿತು. ಮೊದಲೆಲ್ಲ ಹೀಗಾದಾಗ ನಾನು ಗೋಡೆಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಸೋಮವಾರ ಬೆಳಿಗ್ಗೆ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಬರಲಿಲ್ಲ. ಮೋನಪ್ಪಣ್ಣ ಫೋನು ಮಾಡದಿದ್ದರೆ ಏನರ್ಥ ಅಂತ ಅಕ್ಟೋಬರಿನಲ್ಲೇ ಕಲಿತಿದ್ದೆ. ಖಾಲಿ ಡ್ರಮ್ಮು ತರಲು ಹೋದ ಗಂಡ ಬಂದವರು, "ಮೋನಪ್ಪಣ್ಣ ಏನೂ ಹೇಳಲಿಲ್ಲ, ಗಿರಾಕಿಗಳ ಹತ್ತಿರ ಮಾತಾಡ್ತಿದ್ರು," ಅಂದರು. ಡ್ರಮ್ಮಿನ ಒಳಗೆ ಬಗ್ಗಿ ನೋಡಿದೆ. ಖಾಲಿಯಾಗಿತ್ತು. ತಳದಿಂದ ಕೆರೆದು ಚೆಲ್ಲಿದರೂ ಡ್ರಮ್ಮು ಖಾಲಿಯೇ ಕಾಣುತ್ತದೆ. ಊಟ ಸೇರಲಿಲ್ಲ. ಗಂಡ ಎರಡು ಸಲ ಕರೆದು, ಒಬ್ಬರೇ ಉಂಡರು.

ಮಧ್ಯಾಹ್ನ ಫೋನು ಬಂತು.

"ಅಕ್ಕು, ನಿನ್ನ ಹಿಟ್ಟು ಗಟ್ಟಿ ಆಯ್ತು. ನಮ್ಮ ಅಡುಗೆ ಭಟ್ರಿಗೆ ನೀರಿನ ಅಂದಾಜು ಸಿಗ್ಲಿಲ್ಲ."

"ತಟ್ಟೆ ಎಷ್ಟು ವಾಪಸ್ ಬಂತು?" ಅಂತ ಕೇಳಿದೆ.

"ಬಂತು."

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ವಾಪಸ್ ಬಂದದ್ದಕ್ಕೆ ಬದಲಿ ಉಪ್ಪಿಟ್ಟು ಕೊಟ್ಟೆ. ಯಾಕೆ ಹೀಗೆ ಅಂತ ಕೇಳಿದವರಿಗೆಲ್ಲ, ಈದ್ ತನಕ ನಮ್ಮಲ್ಲಿ ಹೀಗೇ, ಬೇಕಾದವ್ರು ತಿನ್ನಿ ಅಂತ ಹೇಳಿದ್ದೇನೆ. ಬೆಳಗಿಂದ ಅದನ್ನೇ ಹೇಳಿ ಹೇಳಿ ಬಾಯಿ ನೋವು." ಅತ್ತ ಕಡೆ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟ ಸದ್ದು ಕೇಳಿತು. "ಇವತ್ತು ನೀರು ಸ್ವಲ್ಪ ಜಾಸ್ತಿ ಹಾಕು. ಮತ್ತೆ, ಡ್ರಮ್ಮು ಎಷ್ಟು ಹೊತ್ತಿಗೆ ಬರ್ತದೆ, ಅದು ಹೇಳು."

ಒಂಬತ್ತಕ್ಕೆ ಅಂದೆ. ಫೋನು ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡು ಉದ್ದು ನೆನೆಹಾಕಲು ಎದ್ದೆ.